ಹೃದಯದ ಕೋಶದಲ್ಲಿ ಸೋರುವ ನಲ್ಲಿ

ಪ್ರಶ್ನೆ: ಹೃದಯದ ಸ್ನಾಯುಕೋಶಗಳಲ್ಲಿ ಕ್ಯಾಲ್ಸಿಯಂ ಸೋರಿದರೆ ಬಡಿತದ ಲಯ ತಪ್ಪುತ್ತದೆ ಎಂದು ಓದಿದೆ. ಅದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರಂತೆ. ಮೈಕ್ರೋಸ್ಕೋಪಿನಲ್ಲೇ ನೋಡಬಹುದಲ್ವಾ? ನಾನು ಕ್ಯಾಲ್ಸಿಯಂ ಮಾತ್ರೆ ತಗೊಳ್ತೀನಿ, ಅದೇನಾದರೂ ಸೋರುತ್ತಾ?

ಉತ್ತರ: ಮಾತ್ರೆಯ ವಿಷಯ ಮೊದಲು ಮುಗಿಸಿಬಿಡೋಣ. ಇದು ಆ ಸೋರಿಕೆ ಅಲ್ಲ. ಮಾತ್ರೆ ಬೇಕೋ ಬೇಡವೋ ನಿಮ್ಮ ಡಾಕ್ಟರನ್ನು ಕೇಳಿ.

ಪ್ರತಿ ಸ್ನಾಯುಕೋಶದ ಒಳಗೂ ಕ್ಯಾಲ್ಸಿಯಂ ತುಂಬಿಟ್ಟ ಒಂದು ತೊಟ್ಟಿ ಇದೆ. ಹೃದಯ ಸಡಿಲವಾಗಿದ್ದಾಗ ತೊಟ್ಟಿಯ ಒಳಗೆ ಹೊರಗಿಗಿಂತ ಸುಮಾರು 10,000 ಪಟ್ಟು ಜಾಸ್ತಿ ಕ್ಯಾಲ್ಸಿಯಂ ಇರುತ್ತದೆ. ಬಡಿತದ ಸಂಕೇತ ಬಂದಾಗ ತೊಟ್ಟಿಯ ನಲ್ಲಿಗಳು ತೆರೆಯುತ್ತವೆ, ಸ್ನಾಯು ಹಿಂಡುತ್ತದೆ, ಆಮೇಲೆ ಪಂಪುಗಳು ಬಹುಪಾಲನ್ನು ವಾಪಸ್ ತುಂಬುತ್ತವೆ. ಈ ನಲ್ಲಿಗೆ ರಯನೊಡಿನ್ ರಿಸೆಪ್ಟರ್ ಅಂತ ಹೆಸರು. ಸಂಕೇತ ಇಲ್ಲದೆಯೂ ಅದು ತೊಟ್ಟಿಕ್ಕಿದರೆ ಅದೇ ಸೋರಿಕೆ.

ಮೈಕ್ರೋಸ್ಕೋಪಿನಲ್ಲಿ ನೋಡಿದ್ದಾರೆ, ಇಲ್ಲ ಅಂತಲ್ಲ. ನಲ್ಲಿಗಳ ಒಂದು ಗುಂಪು ಒಟ್ಟಿಗೆ ತೆರೆದಾಗ ಕಾಣುವ ಕ್ಯಾಲ್ಸಿಯಂನ ಪುಟ್ಟ ಕಿಡಿಯನ್ನು 1993ರಲ್ಲೇ ವರದಿ ಮಾಡಿದರು. ಆದರೆ ಒಂದೇ ನಲ್ಲಿ ಕ್ಷಣಮಾತ್ರ ತೆರೆದು ಮುಚ್ಚಿದರೆ ಕಿಡಿ ಕಾಣುವುದೇ ಕಷ್ಟ. ನಲ್ಲಿಯ ಮುಂದಿನ ಸಂದಿ ಬರೀ 15 ನ್ಯಾನೊಮೀಟರಿನಷ್ಟು, ವಿರಾಮದಲ್ಲಿ ಅಷ್ಟು ಜಾಗದಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಅಯಾನು ಸರಾಸರಿ ಒಂದೂ ಇರುವುದಿಲ್ಲ! ಹಾಗಾಗಿ ಒಟ್ಟಾರೆ ಸರಾಸರಿ ಹಿಡಿದು ಲೆಕ್ಕ ಹಾಕಿದರೆ ಪೂರ್ತಿ ಕಥೆ ಸಿಗಲ್ಲ. ಕಂಪ್ಯೂಟರ್ ಪ್ರತಿ ನಲ್ಲಿಗೂ, ಕ್ಷಣಕ್ಷಣಕ್ಕೂ ದಾಳ ಹಾಕುತ್ತದೆ: ಈಗ ತೆರೆಯುತ್ತಾ, ಇಲ್ವಾ? ಒಂದು ಕೋಶದಲ್ಲಿ ಇಂಥ ಸಂದಿಗಳು ಸಾವಿರಾರು. (1960ರಲ್ಲಿ ಬ್ರಿಟಿಷ್ ವಿಜ್ಞಾನಿ ಡೆನಿಸ್ ನೋಬಲ್ ಹೃದಯಕೋಶದ ಮೊದಲ ಕಂಪ್ಯೂಟರ್ ಮಾದರಿ ಪ್ರಕಟಿಸಿದಾಗ ಅದರಲ್ಲಿ ಕ್ಯಾಲ್ಸಿಯಂ ಇರಲೇ ಇಲ್ಲ.)

ನನಗೆ ಇದರಲ್ಲಿ ಇಷ್ಟವಾಗೋದು ಒಂದು ಸಂಗತಿ. ಮಾದರಿಯಲ್ಲಿ ನಲ್ಲಿಯನ್ನಷ್ಟೇ ಸ್ವಲ್ಪ ಸಡಿಲ ಮಾಡಿ, ಬೇರೇನೂ ಮುಟ್ಟಬೇಡಿ. ಅನಾಹುತ ಆಗಲೇಬೇಕು ಅಂತೇನಿಲ್ಲ. ಸೋರಿ ಸೋರಿ ತೊಟ್ಟಿಯ ಮಟ್ಟ ಇಳಿಯುತ್ತದೆ, ಒತ್ತಡ ಕಡಿಮೆಯಾಗಿ ಸೋರಿಕೆಯೂ ತಗ್ಗುತ್ತದೆ. ಬಡಿತ ಸ್ವಲ್ಪ ದುರ್ಬಲ, ಅಷ್ಟೇ. ಈಗ ಅಡ್ರಿನಲಿನ್ (ದೇಹ ಚುರುಕಾಗಬೇಕಾದಾಗ ಏರುವ ಹಾರ್ಮೋನು) ಬಂದಂತೆ ಪಂಪಿನ ವೇಗ ಹೆಚ್ಚಿಸಿ, ಹೊರಗಿನಿಂದ ಬರುವ ಕ್ಯಾಲ್ಸಿಯಂ ಕೂಡ ಹೆಚ್ಚಿಸಿ. ತೊಟ್ಟಿ ತುಂಬುತ್ತದೆ, ಒಂದು ಕಿಡಿಯಿಂದ ಹೊಮ್ಮಿದ ಕ್ಯಾಲ್ಸಿಯಂ ಪಕ್ಕದ ಗುಂಪನ್ನು ತೆರೆಸುತ್ತದೆ, ಅದು ಅದರ ಪಕ್ಕದ್ದನ್ನು, ಹೀಗೆ ಇಡೀ ಕೋಶದಲ್ಲಿ ಅಲೆ ಏಳುತ್ತದೆ. ಆ ಕ್ಯಾಲ್ಸಿಯಂನ ಒಂದಷ್ಟನ್ನು ಕೋಶ ಹೊರಗೆ ದಬ್ಬುತ್ತದೆ, ಒಂದು ಕ್ಯಾಲ್ಸಿಯಂ ಹೊರಗೆ ಹೋದರೆ ಮೂರು ಸೋಡಿಯಂ ಒಳಗೆ. ವಿದ್ಯುತ್ ಲೆಕ್ಕದಲ್ಲಿ ಪ್ರತಿ ಸಲವೂ ಒಂದು ಧನ ಚಾರ್ಜು ಒಳಗೆ ಉಳಿಯುತ್ತದೆ. ಸಾಕಷ್ಟು ಸೇರಿತೋ, ಯಾರೂ ಕೇಳದ ಬಡಿತವೊಂದು ಹುಟ್ಟುತ್ತದೆ.

ಹುಟ್ಟಿನಿಂದಲೇ ಈ ನಲ್ಲಿಯ ಜೀನ್‌ನಲ್ಲಿ ದೋಷ ಇರುವ ಕೆಲವರಿಗೆ ಸುಮ್ನೆ ಮಲಗಿದ್ದಾಗ ತೆಗೆದ ಇಸಿಜಿ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ, ಓಡಿದಾಗ ಅಥವಾ ಗಾಬರಿಯಾದಾಗ ಮಾತ್ರ ಲಯ ತಪ್ಪುತ್ತದೆ. ಯಾಕೆ ಅಂತ ಈಗ ನಿಮಗೇ ಹೊಳೆದಿರಬೇಕು.