ಒಂದು ಸೀಸನ್‌ನಲ್ಲೂ 50 ಹೋಮ್ ರನ್ ಹೊಡೆಯದ ಹ್ಯಾಂಕ್ ಆರನ್ ಒಟ್ಟು 755 ಹೊಡೆದದ್ದು ಹೇಗೆ?

ಒಂದು ವರ್ಷವೂ ಬಿಡದೆ ಹೊಡೆದದ್ದರಿಂದ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಆರನ್ 1954ರಿಂದ 1976ರವರೆಗೆ 23 ಸೀಸನ್ ಆಡಿದರು. ಹೆಚ್ಚಾಗಿ ಬ್ರೇವ್ಸ್ ತಂಡದ ಔಟ್‌ಫೀಲ್ಡರ್, ಅಂದರೆ ಮೈದಾನದ ಅಂಚಿನ ಕಡೆ ಫೀಲ್ಡಿಂಗ್ ಮಾಡುವವರು. ಹೋಮ್ ರನ್ ಅಂದರೆ ಹೆಚ್ಚುಕಮ್ಮಿ ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ. ಒಂದು ಸೀಸನ್‌ನಲ್ಲಿ ಅವರು ಹೊಡೆದದ್ದು ಜಾಸ್ತಿ ಅಂದರೆ 47. ಆದರೆ 1955ರಿಂದ ಸತತ 20 ಸೀಸನ್, ಒಂದರಲ್ಲೂ 20ಕ್ಕಿಂತ ಕಡಿಮೆಯಿಲ್ಲ. 39ನೇ ವಯಸ್ಸಿನಲ್ಲೂ 40 ಹೊಡೆದರು!

ಗುಟ್ಟು ಇದ್ದದ್ದು ಮಣಿಕಟ್ಟಿನಲ್ಲಿ. ಆರನ್ ಭಾರೀ ಮೈಕಟ್ಟಿನವರಲ್ಲ. ಆದರೆ ಮಣಿಕಟ್ಟು ಎಷ್ಟು ಗಟ್ಟಿ, ಎಷ್ಟು ಚುರುಕು ಅಂದರೆ, ಚೆಂಡು ತೀರಾ ಹತ್ತಿರ ಬರುವ ತನಕ ಕಾದು ಕೊನೇ ಕ್ಷಣದಲ್ಲಿ ಬ್ಯಾಟ್ ಬೀಸುತ್ತಿದ್ದರು. ಹಾಗಾಗಿ ಚೆಂಡು ಎತ್ತ ತಿರುಗುತ್ತದೆ ಅಂತ ನೋಡೋಕೆ ಸಮಯ ಸಿಗುತ್ತಿತ್ತು. ಬರೀ ತೋಳ್ಬಲ ನಂಬಿದವರು ವಯಸ್ಸಾದಂತೆ ಸೋಲುತ್ತಾರೆ, ಅಲ್ವಾ? ಇವರು ಸೋಲಲಿಲ್ಲ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಗಟ್ಟಿ ಮನಸ್ಸು. ಹಿಂದಿನ ಬೇಸ್‌ಬಾಲ್ ದಿಗ್ಗಜ ಬೇಬ್ ರೂತ್ ಅವರ 714 ಹೋಮ್ ರನ್‌ಗಳ ದಾಖಲೆ ಹತ್ತಿರವಾದಾಗ, ಕಪ್ಪು ಆಟಗಾರ ಅದನ್ನು ಮುರಿಯಬಾರದೆಂದು ಕೊಲೆ ಬೆದರಿಕೆಯ ಪತ್ರಗಳು ರಾಶಿ ರಾಶಿ ಬಂದವು. ಆದರೂ 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ 715ನೆಯದನ್ನು ಹೊಡೆದೇಬಿಟ್ಟರು.