ವಿದ್ಯುತ್ ವಾಹಕತೆ ಅಂದರೆ ಏನು? ರೋಧಕ್ಕೂ ಅದಕ್ಕೂ ಏನು ಸಂಬಂಧ?

ಒಂದು ವಸ್ತು ಕರೆಂಟನ್ನು ಎಷ್ಟು ತಡೆಯುತ್ತದೆ ಎಂಬುದು ರೋಧ. ಎಷ್ಟು ಸಲೀಸಾಗಿ ಹರಿಯಲು ಬಿಡುತ್ತದೆ ಎಂಬುದು ವಾಹಕತೆ. ಒಂದು ಇನ್ನೊಂದರ ವ್ಯುತ್ಕ್ರಮ: 1ನ್ನು ರೋಧದಿಂದ ಭಾಗಿಸಿದರೆ ವಾಹಕತೆ ಸಿಗುತ್ತದೆ. ರೋಧದ ಅಳತೆ ಓಮ್‌ನಲ್ಲಿ, ವಾಹಕತೆಯದ್ದು ಸೀಮೆನ್ಸ್‌ನಲ್ಲಿ. ಅಂದರೆ 5 ಓಮ್ ರೋಧ ಇದ್ದರೆ ವಾಹಕತೆ 0.2 ಸೀಮೆನ್ಸ್.

ಇದ್ದದ್ದನ್ನೇ ತಿರುಗಿಸಿ ಹೇಳಿದ ಹಾಗಾಯ್ತು, ಅಲ್ವಾ? ಸರಣಿ ಜೋಡಣೆಯಲ್ಲಿ (ರೋಧಕಗಳು ಒಂದರ ಹಿಂದೆ ಒಂದು ಇದ್ದಾಗ) ಹೌದು, ಇದರಿಂದ ದೊಡ್ಡ ಲಾಭವೇನಿಲ್ಲ. ಅಲ್ಲಿ ರೋಧಗಳನ್ನೇ ಕೂಡಿದರೆ ಮುಗಿಯಿತು. ಸಮಾಂತರ ಜೋಡಣೆಗೆ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ. ಅಲ್ಲಿ ಒಂದೊಂದು ರೋಧಕವೂ ಕರೆಂಟಿಗೆ ಇನ್ನೊಂದು ದಾರಿ. ದಾರಿ ಜಾಸ್ತಿಯಾದಷ್ಟೂ ಹರಿವು ಜಾಸ್ತಿ. ಹಾಗಾಗಿ ವಾಹಕತೆಗಳನ್ನು ಸುಮ್ನೆ ಕೂಡಿಬಿಡಬಹುದು. 4, 5 ಮತ್ತು 20 ಓಮ್‌ಗಳನ್ನು ಸಮಾಂತರವಾಗಿ ಜೋಡಿಸಿದ್ದೀರಿ ಅಂದುಕೊಳ್ಳಿ. ವಾಹಕತೆಗಳು 0.25, 0.2, 0.05. ಒಟ್ಟು 0.5 ಸೀಮೆನ್ಸ್. ತಿರುಗಿಸಿದರೆ ರೋಧ 2 ಓಮ್. ಮೂರರಲ್ಲಿ ಚಿಕ್ಕದಾದ 4 ಓಮ್‌ಗಿಂತಲೂ ಕಡಿಮೆ!

ಒಂದು ಎಚ್ಚರ: ಈ ಸರಳ ಲೆಕ್ಕ ಡಿಸಿ ಕರೆಂಟಿಗೆ (ಒಂದೇ ದಿಕ್ಕಿನಲ್ಲಿ ಹರಿಯುವುದಕ್ಕೆ) ಸರಿ. ಕರೆಂಟು ದಿಕ್ಕು ಬದಲಿಸುತ್ತಲೇ ಇರುವ ಎಸಿ ಸರ್ಕ್ಯೂಟಿನಲ್ಲಿ ಕಾಯಿಲ್ ಅಥವಾ ಕೆಪಾಸಿಟರ್ ಇದ್ದರೆ ರಿಯಾಕ್ಟೆನ್ಸ್ (ಆ ಬದಲಾವಣೆಗೆ ಅವು ಒಡ್ಡುವ ತಡೆ) ಕೂಡ ಸೇರುತ್ತದೆ. ರೋಧ, ರಿಯಾಕ್ಟೆನ್ಸ್ ಎರಡೂ ಸರಣಿಯಲ್ಲಿದ್ದಾಗ, ಅವುಗಳ ವರ್ಗಗಳ ಮೊತ್ತದಿಂದ ರೋಧವನ್ನು ಭಾಗಿಸಿದರೆ ವಾಹಕತೆ ಬರುತ್ತದೆ.