ಬಾಣಂತನಕ್ಕೆ ಕಂಪಾಲಾಗೆ ಹೊರಟ ಅಮ್ಮ ಮತ್ತು ಯೆಲ್ಲೋ ಫೀವರ್ ಇಂಜೆಕ್ಷನ್

ಶಿವಮೊಗ್ಗದಿಂದ ಓದುಗರೊಬ್ಬರು ಬರೆದಿದ್ದಾರೆ: 'ತಂಗಿಯ ಬಾಣಂತನಕ್ಕೆ 67 ವರ್ಷದ ಅಮ್ಮ ಉಗಾಂಡದ ಕಂಪಾಲಾಗೆ ಹೊರಟಿದ್ದಾರೆ. ಹಿಂದೊಮ್ಮೆ ಎದೆಯ ಆಪರೇಷನ್ ಆಗಿತ್ತು, ಈಗ ಗಟ್ಟಿಯಾಗಿದ್ದಾರೆ. ಯೆಲ್ಲೋ ಫೀವರ್ ಲಸಿಕೆಯಿಂದ ಲಕ್ವ ಹೊಡೆಯುತ್ತದೆ ಅಂತ ಯಾರೋ ಹೆದರಿಸಿದರು. ಏಜೆಂಟರೊಬ್ಬರು ಇಂಜೆಕ್ಷನ್ ಇಲ್ಲದೆ ಬರೀ ಲಸಿಕೆ ಆಗಿದೆ ಅನ್ನುವ ಕಾರ್ಡ್ ಮಾಡಿಸಿಕೊಡುತ್ತೇನೆ ಅಂತಾರೆ. ಏನು ಮಾಡಲಿ?'

ಉತ್ತರ:

ಏಜೆಂಟರ ಕಾರ್ಡ್ ಖಂಡಿತ ಬೇಡ. ಅದು ಮೋಸ ಅನ್ನುವುದು ಒಂದು ಕಡೆ, ಉಗಾಂಡದಲ್ಲಿ ಸೊಳ್ಳೆಯಿಂದ ಹರಡುವ ಈ ವೈರಸ್ ಜ್ವರ ನಿಜವಾಗಿಯೂ ಇದೆ ಅನ್ನುವುದು ಇನ್ನೊಂದು ಕಡೆ. ಕಾಯಿಲೆ ಲಿವರ್, ಕಿಡ್ನಿ ಹಿಡಿಯುವ ಹಂತಕ್ಕೆ ಹೋದರೆ ಅಂಥವರಲ್ಲಿ ಸುಮಾರು ಅರ್ಧ ಜನ ಉಳಿಯುವುದಿಲ್ಲ.

ಆದರೆ ನಿಮ್ಮನ್ನು ಹೆದರಿಸಿದವರು ಪೂರ್ತಿ ಸುಳ್ಳು ಹೇಳಿಲ್ಲ. ಮ್ಯಾಕ್ಸ್ ಥೈಲರ್ ಮತ್ತು ಜೊತೆಗಾರರು 1930ರ ದಶಕದಲ್ಲಿ ಮಾಡಿದ ಈ ಲಸಿಕೆಯಲ್ಲಿ ಇರುವುದು ಬಲ ಕುಂದಿಸಿದ ಜೀವಂತ ವೈರಸ್. 50 ಕೋಟಿಗೂ ಜಾಸ್ತಿ ಡೋಸ್ ಕೊಟ್ಟಾಗಿದೆ, ಬಹುತೇಕರಿಗೆ ಎರಡು ಮೂರು ದಿನ ಮೈಕೈ ನೋವು, ಸಣ್ಣ ಜ್ವರ, ಅಷ್ಟೇ. ತೀರಾ ಅಪರೂಪಕ್ಕೆ ಆ ವೈರಸ್ ಮಿದುಳು ತಲುಪಿ ಊತ ತರುತ್ತದೆ. ಇನ್ನು ಕೆಲವರಲ್ಲಿ ವೈರಸ್ ಮೇಲೆ ಹೋರಾಡಬೇಕಾದ ರೋಗನಿರೋಧಕ ಶಕ್ತಿ ತಪ್ಪಿ ತಮ್ಮದೇ ನರಗಳ ಮೇಲೆ ತಿರುಗುತ್ತದೆ, ಜಿಬಿಎಸ್ (ಗಿಯಾನ್-ಬಾರೆ ಸಿಂಡ್ರೋಮ್) ಅನ್ನುತ್ತಾರಲ್ಲ, ಕಾಲಿನಿಂದ ಮೇಲಕ್ಕೆ ಶಕ್ತಿ ಕುಂದುತ್ತಾ ಬರುವುದು, ಅದು. ಅಮೆರಿಕದ ವರದಿಗಳ ಪ್ರಕಾರ ಇಂಥ ನರದ ತೊಂದರೆಗಳೆಲ್ಲ ಸೇರಿ 10 ಲಕ್ಷ ಡೋಸಿಗೆ ಸುಮಾರು 8. ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆದರೆ 60 ದಾಟಿದವರಿಗೆ, ಅದೂ ಮೊದಲ ಸಲ ಹಾಕಿಸಿಕೊಳ್ಳುವವರಿಗೆ, ಅಪಾಯ ಜಾಸ್ತಿ. ನಿಮ್ಮ ಅಮ್ಮ ಆ ಗುಂಪಿನವರೇ ಅಲ್ವಾ?

ಇಂಜೆಕ್ಷನ್ ಆದ ಮೇಲೆ ಒಂದು ತಿಂಗಳು ಗಮನ ಇರಲಿ. ಜ್ವರದ ಜೊತೆ ವಿಪರೀತ ತಲೆನೋವು, ಕತ್ತು ಬಿಗಿಯುವುದು, ಮಾತು ತೊದಲುವುದು, ಗಲಿಬಿಲಿ, ಫಿಟ್ಸ್, ಕೈಕಾಲು ಸೋಲುವುದು, ಇದರಲ್ಲಿ ಯಾವುದು ಕಂಡರೂ ಸುಮ್ನೆ ಮಾತ್ರೆ ಕೊಟ್ಟು ಮಲಗಿಸಬೇಡಿ. ಆಸ್ಪತ್ರೆಗೆ ಹೋಗಿ, ಲಸಿಕೆ ಹಾಕಿಸಿದ ದಿನಾಂಕ ಹೇಳಿ. ಇದೇ ಕಾರಣಕ್ಕೆ ಹೊರಡುವ ಹಿಂದಿನ ವಾರ ಹಾಕಿಸುವುದು ನನಗೆ ಸರಿ ಕಾಣುವುದಿಲ್ಲ. ಕಾರ್ಡ್ ಕೂಡ 10 ದಿನದ ನಂತರವೇ ಊರ್ಜಿತ. ತಿಂಗಳಿಗೂ ಮೊದಲೇ ಮುಗಿಸಿದರೆ ಅಮ್ಮ ನಿಮ್ಮ ಕಣ್ಣೆದುರೇ ಇರುತ್ತಾರೆ.

ತಂಗಿಯನ್ನೂ ಒಂದು ಮಾತು ಕೇಳಿ: ಅವರಿಗೆ ಲಸಿಕೆ ಆಗಿದೆಯಾ? ಆಗಿಲ್ಲದಿದ್ದರೆ ಬಾಣಂತನದಲ್ಲಿ ಡಾಕ್ಟರನ್ನು ಕೇಳದೆ ಹಾಕಿಸಿಕೊಳ್ಳುವುದು ಬೇಡ. 2009ರಲ್ಲಿ ಬ್ರೆಜಿಲ್‌ನಲ್ಲಿ, ಲಸಿಕೆ ಹಾಕಿಸಿಕೊಂಡ ಬಾಣಂತಿಯ ಎದೆಹಾಲಿನ ಮೂಲಕ ವೈರಸ್ ದಾಟಿ ತಿಂಗಳೂ ತುಂಬದ ಕೂಸಿಗೆ ಮಿದುಳಿನ ಊತ ಬಂದಿತ್ತು. ಪುಣ್ಯಕ್ಕೆ ಮಗು ಚೇತರಿಸಿಕೊಂಡಿತು.

ಇನ್ನು ನೀವು ಒಂದೇ ಸಾಲಿನಲ್ಲಿ ಬರೆದು ದಾಟಿಹೋದ ಆ ಎದೆಯ ಆಪರೇಷನ್. ನನಗೆ ಲಕ್ವದ ಮಾತಿಗಿಂತ ಅದೇ ಕಳವಳ ತಂದದ್ದು. ಎದೆಯ ಮುಂಭಾಗದಲ್ಲಿ ಥೈಮಸ್ ಅನ್ನುವ ಗ್ರಂಥಿ ಇದೆ. ಅದರ ಕಾಯಿಲೆ ಇದ್ದವರಿಗೆ, ಕಾಯಿಲೆಯಿಂದಾಗಿ ಅದನ್ನು ತೆಗೆಸಿಕೊಂಡವರಿಗೆ ಈ ಲಸಿಕೆ ಕೊಡುವಂತಿಲ್ಲ. ಅಂಥವರಲ್ಲಿ ಲಸಿಕೆಯ ವೈರಸ್ ಅಂಗಾಂಗಗಳನ್ನೇ ಹಾಳು ಮಾಡಬಹುದು. ಅಮ್ಮನದು ಹೃದಯದ ಆಪರೇಷನ್ನೋ ಥೈಮಸ್‌ದೋ, ಹಳೆಯ ಡಿಸ್ಚಾರ್ಜ್ ಚೀಟಿ ಹುಡುಕಿ ನೋಡಿ. ಲಸಿಕಾ ಕೇಂದ್ರದ ಡಾಕ್ಟರಿಗೆ ಅದನ್ನೂ, ಈಗ ನುಂಗುತ್ತಿರುವ ಮಾತ್ರೆಗಳನ್ನೂ ತೋರಿಸಿ. ಲಸಿಕೆ ಬೇಡ ಎಂದರೆ ವಿನಾಯಿತಿ ಪತ್ರ ಬರೆದುಕೊಡುವ ಅವಕಾಶ ಅಂತಾರಾಷ್ಟ್ರೀಯ ನಿಯಮದಲ್ಲೇ ಇದೆ, ಆದರೂ ವಾಪಸ್ ಬಂದಾಗ 6 ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಹಾಗಾದರೆ ಅಮ್ಮ ಹೋಗುವ ಬದಲು ತಂಗಿಯನ್ನೇ ಹೆರಿಗೆಗೆ ಊರಿಗೆ ಕರೆಸಿಕೊಳ್ಳುವುದಕ್ಕೆ ಆಗುತ್ತದಾ ಅಂತ ಡಾಕ್ಟರನ್ನೂ ವಿಮಾನದವರನ್ನೂ ಈಗಲೇ ವಿಚಾರಿಸಿ, ತಿಂಗಳು ತುಂಬುತ್ತಾ ಬಂದರೆ ವಿಮಾನ ಹತ್ತಿಸುವುದಿಲ್ಲ.